ಉಳಿದ 340 ರೂಪಾಯಿ ಬೇಕಂದ್ರೆ ಮತ್ತೆ 500 ಹಾಕಬೇಕಂತೆ!

ಪ್ರಶ್ನೆ: ಮೇಡಂ, ಪಂಚಮಿಗೆ ನಮ್ಮ ಸೋದರತ್ತೆ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಬಟ್ಟೆ ಅಂಗಡಿಯ 2000 ರೂಪಾಯಿ ಗಿಫ್ಟ್ ಕಾರ್ಡ್ ಕೊಟ್ಟರು. 1660ಕ್ಕೆ ಚೂಡಿದಾರ್ ತಗೊಂಡೆ. ಉಳಿದ 340ಕ್ಕೆ ದುಪಟ್ಟಾ ತಗೊಳ್ಳೋಣ ಅಂತ ಹೋದರೆ, 'ಕಾರ್ಡಲ್ಲಿ 500ಕ್ಕಿಂತ ಕಡಿಮೆ ಇದ್ರೆ ನಡೆಯಲ್ಲ, ಇನ್ನೊಂದು 500 ರಿಲೋಡ್ ಮಾಡಿಸ್ರಿ, ಚಾರ್ಜ್ 25 ಬೇರೆ' ಅಂದರು. ಮಾಡಿಸದಿದ್ದರೆ ಆರು ತಿಂಗಳಿಗೆ ಆ ದುಡ್ಡೂ ಹೋಗುತ್ತದಂತೆ. ಕಾರ್ಡಿನ ಮೇಲೆ ಇದ್ಯಾವುದೂ ಬರೆದಿಲ್ಲ. ರಿಸರ್ವ್ ಬ್ಯಾಂಕಿಗೆ ದೂರು ಕೊಡ್ತೀನಿ ಅಂದರೆ ನಕ್ಕರು. ಕಾರ್ಡು ಕೊಂಡವಳು ನಾನಲ್ಲ, ನಾನು ದೂರು ಕೊಡಬಹುದಾ?
– ಹೆಸರು ಹಾಕಬೇಡಿ ಎಂದವರು, ಕಲಬುರಗಿ

ಉತ್ತರ: ಕೊಡಬಹುದು. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಅತ್ತೆಯ ಹತ್ತಿರ ಕಾರ್ಡಿನ ಬಿಲ್ ಇದ್ದರೆ ಮೊದಲು ಅದನ್ನು ಇಸಿದುಕೊಳ್ಳಿ.

ಅವರು ನಕ್ಕಿದ್ದಕ್ಕೆ ಕಾರಣ ಇದೆ. ಒಂದು ಅಂಗಡಿ ತನ್ನಲ್ಲೇ ಖರೀದಿಸಲಿ ಅಂತ ಕೊಡುವ ಕಾರ್ಡು ರಿಸರ್ವ್ ಬ್ಯಾಂಕಿನ ಹತೋಟಿಗೆ ಬರುವುದಿಲ್ಲ. ಬ್ಯಾಂಕೋ ವಾಲೆಟ್ ಕಂಪನಿಯೋ ಕೊಡುವ, ಹತ್ತಾರು ಕಡೆ ನಡೆಯುವ ಗಿಫ್ಟ್ ಕಾರ್ಡಿನ ಕಥೆ ಬೇರೆ. 2021ರ ಆಗಸ್ಟಿನ ನಿರ್ದೇಶನದ ಪ್ರಕಾರ ಅದರ ಮಿತಿ 10,000 ರೂಪಾಯಿ, ಕನಿಷ್ಠ ಒಂದು ವರ್ಷ ಚಾಲ್ತಿಯಲ್ಲಿರಬೇಕು, ಮತ್ತೆ ಅದಕ್ಕೆ ರಿಲೋಡ್ ಅನ್ನುವುದೇ ಇಲ್ಲ. ಹಾಗಾಗಿ 'ನಿಮ್ಮ ಬ್ಯಾಂಕ್ ಗಿಫ್ಟ್ ಕಾರ್ಡ್ ರಿಲೋಡ್ ಮಾಡಿಕೊಡ್ತೀವಿ, ಪಿನ್ ಹೇಳಿ' ಅಂತ ಯಾರಾದರೂ ಫೋನ್ ಮಾಡಿದರೆ ಸುಮ್ನೆ ಕಟ್ ಮಾಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಿ.

ಈಗ ನಿಮ್ಮ ಅಂಗಡಿಗೆ ಬರೋಣ. ಇಲ್ಲಿ ನಿಮ್ಮ ಕೈಯಲ್ಲಿರುವ ಗಟ್ಟಿ ಸಾಕ್ಷಿ ಆ ಕಾರ್ಡಿನ ಹಿಂಭಾಗ. ಎರಡೂ ಕಡೆ ಫೋಟೋ ತೆಗೆದಿಡಿ, ಚಿಕ್ಕ ಅಕ್ಷರ ಓದುವ ಹಾಗಿರಲಿ. ಆರು ತಿಂಗಳ ಅವಧಿ ಅಲ್ಲಿ ಅಚ್ಚಾಗಿದ್ದು ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅಂತಾದರೆ, ಆ ಒಂದು ವಿಷಯದಲ್ಲಿ ನಿಮ್ಮ ವಾದ ಸಡಿಲವಾಗುತ್ತದೆ. ಆದರೆ ದುಡ್ಡು ಪೂರ್ತಿ ಇಸಿದುಕೊಂಡ ಮೇಲೆ, ಉಳಿದದ್ದನ್ನು ಬಳಸಬೇಕಾದರೆ ಇನ್ನಷ್ಟು ತನ್ನಿ ಅಂತ ಎಲ್ಲೂ ಬರೆಯದ ಷರತ್ತು ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಅಂತ ವಾದಿಸಲು ಚೆನ್ನಾಗೇ ಜಾಗ ಇದೆ. ಆ 25 ರೂಪಾಯಿಗೆ ಬಿಲ್ ಕೇಳಿ ನೋಡಿ. ಬಿಲ್ ಕೊಡದಿರುವುದೂ ಕಾಯ್ದೆಯ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿದೆ, ಎಷ್ಟೋ ಜನರಿಗೆ ಇದು ಗೊತ್ತಿಲ್ಲ.

ಕೌಂಟರಿನ ಹುಡುಗನ ಜೊತೆ ಜಗಳ ಬೇಡ, ಅವನು ಸಂಬಳಕ್ಕೆ ನಿಂತವನು. ಮ್ಯಾನೇಜರಿಗೆ ವಾಟ್ಸಾಪ್ ಅಥವಾ ಇಮೇಲ್ ಮಾಡಿ: 'ಕಾರ್ಡಿನಲ್ಲಿ 340 ರೂಪಾಯಿ ಇದೆ. ಬಳಸಲು 500 ರಿಲೋಡ್ ಮಾಡಬೇಕು ಎಂದು ನಿಮ್ಮ ಸಿಬ್ಬಂದಿ ಹೇಳಿದ್ದಾರೆ. ಈ ನಿಯಮ ಎಲ್ಲಿದೆ, ಬರೆದು ತಿಳಿಸಿ. ಇಲ್ಲವಾದರೆ ಬಾಕಿಗೆ ಬಟ್ಟೆ ಕೊಡಿ ಅಥವಾ ದುಡ್ಡು ವಾಪಸ್ ಮಾಡಿ.' ಬರೆದು ಕೇಳಿದ ಕೂಡಲೇ ಎಷ್ಟೋ ಕಡೆ 'ಬರ್ರೀ ಅಕ್ಕ, ತಗೊಂಡ್ಹೋಗ್ರಿ' ಅಂತ ಕರೀತಾರೆ.

ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಹೇಳಬಹುದು. ಅವರು ತೀರ್ಪು ಕೊಡುವವರಲ್ಲ, ಅಂಗಡಿಗೆ ದೂರು ದಾಟಿಸಿ ಉತ್ತರ ಕೇಳುತ್ತಾರೆ. 340 ರೂಪಾಯಿಗೆ ಅಷ್ಟು ಸಾಕಾಗಬಹುದು. ಅದೂ ಆಗಲಿಲ್ಲ ಅಂದ್ರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಅಂಗಡಿಯ ಮುಖ್ಯ ಕಚೇರಿ ಹೈದರಾಬಾದಿನಲ್ಲಿದ್ದರೂ ನೀವು ಇರುವ ಊರಲ್ಲೇ ದೂರು ಕೊಡಬಹುದು. ಒಂದು ಎಚ್ಚರಿಕೆ: ದೂರಿನಲ್ಲಿ 'ಅನುಚಿತ ಒಪ್ಪಂದ' ಅಂತ ಬರೆಯಬೇಡಿ. ಆ ಹೆಸರಿನ ದೂರು ರಾಜ್ಯ ಆಯೋಗಕ್ಕೆ ಹೋಗಬೇಕಾಗುತ್ತದೆ. 'ಅನುಚಿತ ವ್ಯಾಪಾರ ಪದ್ಧತಿ, ಸೇವಾ ನ್ಯೂನತೆ' ಅಂತ ಬರೆಯಿರಿ.

ಪ್ರಶ್ನೆ: ಒಂದು ಆ್ಯಪ್‌ನಲ್ಲಿ ತಂಗಿಗೆ ಗಿಫ್ಟ್ ಕಾರ್ಡ್ ತಗೊಂಡೆ. ಈಗ ತಿಂಗಳು ತಿಂಗಳು 200 ರೂಪಾಯಿ ತಾನಾಗಿಯೇ ಆ ಕಾರ್ಡಿಗೆ ಹೋಗ್ತಿದೆ. 'ಆಟೋ ರಿಲೋಡ್' ಅನ್ನೋ ಡಬ್ಬಿಗೆ ಮೊದಲೇ ಟಿಕ್ ಬಿದ್ದಿತ್ತಂತೆ. ನಾನು ಒತ್ತಿಲ್ಲ.
– ಒಬ್ಬ ಓದುಗ, ಬಸವಕಲ್ಯಾಣ

ಉತ್ತರ: ದೂರು ಆಮೇಲೆ, ಮೊದಲು ಸೋರಿಕೆ ನಿಲ್ಲಿಸಿ. ಯುಪಿಐ ಆ್ಯಪ್‌ನಲ್ಲಿ 'ಆಟೋಪೇ' ತೆರೆದು ಆ ಕಂಪನಿಯ ಮ್ಯಾಂಡೇಟ್ (ತಾನಾಗಿಯೇ ದುಡ್ಡು ಕಡಿಯಲು ಇರುವ ಅನುಮತಿ) ರದ್ದು ಮಾಡಿ. ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡಿನಿಂದ ಹೋಗ್ತಿದ್ದರೆ ಬ್ಯಾಂಕಿಗೆ ಹೇಳಿ ನಿಲ್ಲಿಸಿ. ಕೇಳದೆ ಬುಟ್ಟಿಗೆ ಏನಾದರೂ ಸೇರಿಸುವುದು, ಚಂದಾದಿಂದ ಹೊರಗೆ ಬರಲು ಬಿಡದಿರುವುದು, ಇಂಥ 13 ಮೋಸದ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹೆಸರಿಸಿ ನಿಷೇಧಿಸಿದೆ. ಮೊದಲೇ ಬಿದ್ದ ಆ ಟಿಕ್ಕಿನ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಡಿ. ದೂರು ಹೋದ ಮೇಲೆ ಆ ಪುಟ ಬದಲಾಗಿಬಿಡಬಹುದು. ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿಟ್ಟು 1915ಕ್ಕೆ ಫೋನ್ ಮಾಡಿ, ಹೋದ ಪ್ರತಿ 200 ರೂಪಾಯಿಯನ್ನೂ ತಾರೀಖಿನ ಸಮೇತ ವಾಪಸ್ ಕೇಳಿ.