ಪುಚ್ಚೆ (ಬೆಕ್ಕು) ಪುರಾಣ: ಗಂಡು ತರುವುದೋ, ಹೆಣ್ಣು ತರುವುದೋ?

ಪ್ರಶ್ನೆ: ಮಂಗಳೂರಿನ ಕೊಟ್ಟಾರದಲ್ಲಿ ಮೂರನೇ ಮಹಡಿಯ ಫ್ಲ್ಯಾಟ್ ನಮ್ಮದು. ಮನೆಯಲ್ಲಿ ನಾನು, ಹೆಂಡತಿ, ಎಪ್ಪತ್ತು ದಾಟಿದ ಅಮ್ಮ. ಪರಿಚಯದವರ ಮನೆಯಲ್ಲಿ ನಾಲ್ಕು ಬೆಕ್ಕಿನ ಮರಿಗಳಿವೆ. ಎರಡು ಗಂಡು, ಎರಡು ಹೆಣ್ಣು. ಒಂದನ್ನು ತರೋಣ ಅಂತ ಮನಸ್ಸು. ‘ಹೆಣ್ಣು ತಂದರೆ ಮರಿ ಹಾಕಿ ಹಾಕಿ ಸಾಕಾಗುತ್ತದೆ, ಗಂಡೇ ತಾ’ ಎನ್ನುತ್ತಾರೆ ಅಮ್ಮ. ‘ಗಂಡು ಬಂದರೆ ಮನೆಯೆಲ್ಲ ಗಬ್ಬುನಾತ’ ಎನ್ನುತ್ತಾಳೆ ಹೆಂಡತಿ. ಅದೂ ಆಟಿ, ಅಂದರೆ ತುಳುವರ ಮಳೆಗಾಲದ ಅಶುಭ ತಿಂಗಳು, ಶುರುವಾಗುವ ಮೊದಲೇ ತರಬೇಕಂತೆ. ಯಾವುದನ್ನು ತರಲಿ?
– ಹೆಸರು ಬೇಡ, ಕೊಟ್ಟಾರ

ಉತ್ತರ: ಅಮ್ಮ ಹೇಳುವುದೂ ಸರಿ, ಹೆಂಡತಿ ಹೇಳುವುದೂ ಸರಿ. ಜಾರಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. ಇಬ್ಬರೂ ಹೇಳುತ್ತಿರುವುದು ಸಂತಾನಹರಣದ ಆಪರೇಷನ್ ಆಗದ ಬೆಕ್ಕಿನ ಕಥೆ. ನಮ್ಮೂರಿನಲ್ಲಿ ಎಲ್ಲರೂ ನೋಡಿ ಬೆಳೆದದ್ದು ಅಂಥ ಬೆಕ್ಕನ್ನೇ ಅಲ್ವಾ?

ನಾನು ಡಾಕ್ಟರ್ ಅಲ್ಲ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು. ಸಂತೆಕಟ್ಟೆಯ ನಮ್ಮ ಮನೆಯಲ್ಲಿ ಈವರೆಗೆ 17 ಬೆಕ್ಕುಗಳು ಉಂಡು ಹೋಗಿವೆ. ಎರಡು ಈಗಲೂ ಉಣ್ಣುತ್ತಿವೆ. ಈ ಅಂಕಣ ಬರೆಯಲು ನನಗಿರುವ ಅರ್ಹತೆ ಅಷ್ಟೇ.

ಮೊದಲು ಅಮ್ಮನ ಮಾತು. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ, ಕೆಲವು ಇನ್ನೂ ಬೇಗ, ಬೆದೆಗೆ ಬರುತ್ತದೆ. ನೆಲಕ್ಕೆ ಹೊರಳಿ, ಹಿಂಭಾಗ ಎತ್ತಿ, ಇಡೀ ರಾತ್ರಿ ಕೂಗುತ್ತದೆ. ಮೊದಲ ಸಲ ಕೇಳಿದವರು ಹೊಟ್ಟೆನೋವು ಅಂತ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಸುಮಾರು ಒಂದು ವಾರ ಈ ರಂಪ. ಗಂಡು ಸಿಗದಿದ್ದರೆ ಎರಡು ಮೂರು ವಾರದಲ್ಲಿ ಮತ್ತೆ ಶುರು. ಬೆಕ್ಕಿನ ಬೆದೆ ಹಗಲಿನ ಬೆಳಕನ್ನು ಅನುಸರಿಸುತ್ತದೆ. ಚಳಿ ದೇಶಗಳಲ್ಲಿ ಹಗಲು ಗಿಡ್ಡವಾದಾಗ ನಿಲ್ಲುತ್ತದೆ. ನಮ್ಮಲ್ಲಿ ಹಗಲು ಅಷ್ಟೇನೂ ಕುಗ್ಗುವುದಿಲ್ಲವಲ್ಲ, ಹಾಗಾಗಿ ಹೆಚ್ಚುಕಡಿಮೆ ವರ್ಷವಿಡೀ ಇದೇ ಪಾಡು. ಗಬ್ಬ ಒಂಬತ್ತು ವಾರ. ಮರಿಗಳು ಇನ್ನೂ ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಗಬ್ಬವಾಗಬಹುದು.

ನನ್ನ ತವರು ಬ್ರಹ್ಮಾವರದ ಕಡೆ. ಹಂಚಿನ ಮನೆ, ಅಟ್ಟದ ಮೇಲೆ ತೆಂಗಿನಕಾಯಿ, ತೆಂಗಿನಕಾಯಿಯ ಸಂದಿಯಲ್ಲಿ ಸುಬ್ಬಿಯ ಬಾಣಂತನ. ವರ್ಷಕ್ಕೆ ಎರಡು ಮೂರು ಸಲ. ಮರಿ ಕಣ್ಣು ಬಿಟ್ಟು ಓಡಾಡುವಾಗ ಅಕ್ಕಪಕ್ಕದವರು ಬಂದು ಗಂಡು ಮರಿಗಳನ್ನು ಆರಿಸಿಕೊಂಡು ಹೋಗುತ್ತಿದ್ದರು. ಉಳಿದ ಹೆಣ್ಣು ಮರಿಗಳನ್ನು ಅಪ್ಪ ಗೋಣಿಚೀಲಕ್ಕೆ ಹಾಕಿ, ಸೈಕಲ್ಲಿನ ಹಿಂದೆ ಕಟ್ಟಿ, ಮೀನು ಮಾರ್ಕೆಟಿನ ಹತ್ತಿರ ಬಿಟ್ಟು ಬರುತ್ತಿದ್ದರು. ‘ಅಲ್ಲಿ ಅವಕ್ಕೆ ಊಟಕ್ಕೆ ಬರಗಾಲ ಇಲ್ಲ’ ಎನ್ನುತ್ತಿದ್ದರು. ಅಪ್ಪ ಕೆಟ್ಟವರಾಗಿರಲಿಲ್ಲ. ಊರೆಲ್ಲ ಹಾಗೇ ಮಾಡುತ್ತಿತ್ತು. ಗಂಡು ಮರಿಗೆ ಗಿರಾಕಿ, ಹೆಣ್ಣು ಮರಿಗೆ ಗೋಣಿ.

ನನಗೆ ಆಗ ಹತ್ತು ವರ್ಷ ಇರಬೇಕು. ಚೀಲ ಹೋದ ಸಂಜೆ ಸುಬ್ಬಿ ಅಟ್ಟ ಹತ್ತಿದಳು, ಇಳಿದಳು. ಬಚ್ಚಲಿನ ಹಂಡೆಯ ಹಿಂದೆ ನೋಡಿದಳು. ಕಟ್ಟಿಗೆ ರಾಶಿಯೊಳಗೆ ತಲೆ ಹಾಕಿದಳು. ತಾಯಿ ಬೆಕ್ಕು ಮರಿಗಳನ್ನು ಕರೆಯುವಾಗ ಮಾಡುವ ಒಂದು ಸದ್ದಿದೆ, ಬಾಯಿ ಮುಚ್ಚಿಕೊಂಡೇ ‘ಮ್ರ್ರ್’ ಅಂತ. ಆ ಸದ್ದು ಮೂರು ದಿನ ನಿಲ್ಲಲಿಲ್ಲ. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಅನ್ನುತ್ತಾರಲ್ಲ, ಅವಳು ಏಳು ಮನೆಗೂ ಹೋಗಿ ಹುಡುಕಿ ಬಂದಿದ್ದಳು. ಈಗಲೂ ಮಂಗಳೂರಿನ ಧಕ್ಕೆಗೋ ಮಲ್ಪೆಯ ಬಂದರಿಗೋ ಹೋದರೆ ನನ್ನ ಕಣ್ಣು ಮೊದಲು ಹೋಗುವುದು ಬಂಗುಡೆಯ ಮೇಲಲ್ಲ, ಬುಟ್ಟಿಗಳ ಸಂದಿಯಲ್ಲಿರುವ ಮರಿಗಳ ಮೇಲೆ.

ಇನ್ನು ನಿಮ್ಮ ಹೆಂಡತಿಯ ಮಾತು. ಕುಟ್ಟ ಅಂತ ನಮ್ಮದೊಂದು ಗಂಡು. ‘ಸ್ವಲ್ಪ ದೊಡ್ಡದಾಗಲಿ’ ಎಂದು ಆಪರೇಷನ್ ಮುಂದೂಡಿದೆ. ಎಂಟನೇ ತಿಂಗಳಿಗೆ ಒಂದು ದಿನ ಅಕ್ಕಿ ಡಬ್ಬಿಗೆ ಬೆನ್ನು ತಿರುಗಿಸಿ ನಿಂತ. ಬಾಲ ನೆಟ್ಟಗೆ ಮೇಲೆ. ಬಾಲದ ತುದಿ ಮಾತ್ರ ನಡುಗುತ್ತಿತ್ತು. ಏನು ಮಾಡುತ್ತಿದ್ದಾನೆ ಎಂದು ನನಗೆ ಹೊಳೆಯುವುದರೊಳಗೆ ಕೆಲಸ ಮುಗಿದಿತ್ತು. ಮುಂದಿನ ಎರಡು ವಾರದಲ್ಲಿ ಯಜಮಾನರ ಪಂಚೆ, ಬಾಗಿಲ ದಾರಂದ, ನನ್ನ ಪೆನ್ಷನ್ ಫೈಲು. ಗಡವ ಬೆಕ್ಕಿನ ಮೂತ್ರದಲ್ಲಿ ಆ ನಾತಕ್ಕೆಂದೇ ಬೇರೆ ಒಂದು ಪದಾರ್ಥವಿದೆ. ಫಿನಾಯಿಲ್ ಹಾಕಿದರೆ ನಾತ ಹೋಗುವುದಿಲ್ಲ, ಫಿನಾಯಿಲಿನ ಜೊತೆ ಸೇರಿಕೊಳ್ಳುತ್ತದೆ ಅಷ್ಟೆ. ಕೊನೆಗೆ ಆಪರೇಷನ್ ಮಾಡಿಸಿದೆ. ಅದೂ ಕೂಡಲೇ ನಿಲ್ಲಲಿಲ್ಲ, ರಕ್ತದಲ್ಲಿನ ಹಾರ್ಮೋನ್ ಇಳಿಯಲು ಕೆಲವು ವಾರ ಬೇಕು. ಆಮೇಲೆ ಪಿಚಕಾರಿ ನಿಂತಿತು. ಊರು ಸುತ್ತುವುದು, ಜಗಳ, ಕಿವಿ ಹರಿದುಕೊಂಡು ಬರುವುದು ಎಲ್ಲ ಕಡಿಮೆಯಾಯಿತು. ನಾನು ಐದು ತಿಂಗಳಿಗೇ ಮಾಡಿಸಿದ್ದರೆ ಫೈಲು ಉಳಿಯುತ್ತಿತ್ತು.

ಆಪರೇಷನ್ ಆದ ಮೇಲೆ ಗಂಡಿಗೂ ಹೆಣ್ಣಿಗೂ ಇರುವ ವ್ಯತ್ಯಾಸ ತುಂಬ ಸಣ್ಣದು. ಗಂಡಿಗೆ ಖರ್ಚು ಕಡಿಮೆ, ಗಾಯ ಬೇಗ ಒಣಗುತ್ತದೆ. ಹೆಣ್ಣಿಗೆ ಹೊಟ್ಟೆ ತೆರೆಯಬೇಕು, ಹತ್ತು ಹನ್ನೆರಡು ದಿನ ಹೊಲಿಗೆ ನೆಕ್ಕದ ಹಾಗೆ ಕಾಯಬೇಕು. ಎರಡೂ ದಪ್ಪವಾಗುತ್ತವೆ, ಊಟ ಅಳೆದು ಹಾಕಿ.

ಗಂಡಿಗೆ ಒಂದು ಕಾಟ ಮಾತ್ರ ಆಪರೇಷನ್ ಆದರೂ ತಪ್ಪುವುದಿಲ್ಲ. ಅದನ್ನು ಹೇಳದೆ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ. ಗಂಡಿನ ಮೂತ್ರನಾಳ ತುಂಬ ಸಪೂರ. ಮರಳಿನಂಥ ಹರಳೋ ಲೋಳೆಯೋ ಸಿಕ್ಕಿಕೊಂಡರೆ ಮೂತ್ರ ಕಟ್ಟಿಬಿಡುತ್ತದೆ. ನಮ್ಮ ಇನ್ನೊಂದು ಗಂಡು ಬೆಕ್ಕು ಬೊಗ್ಗನಿಗೆ ಐದು ವರ್ಷ ಆಗಿದ್ದಾಗ, ಜುಲೈ ತಿಂಗಳ ಒಂದು ಭಾನುವಾರ, ಹೊರಗೆ ಮಳೆ ಸುರಿಯುತ್ತಿತ್ತು. ಮಣ್ಣಿನ ಟ್ರೇಗೆ ಹೋಗುವುದು, ಕೂರುವುದು, ತಿಣುಕುವುದು, ಬರುವುದು, ಮತ್ತೆ ಹೋಗುವುದು. ಮಲಬದ್ಧತೆ ಅಂದುಕೊಂಡೆ. ಚೂರು ತುಪ್ಪ ನೆಕ್ಕಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಟ್ರೇ ಒಣಗಿಯೇ ಇತ್ತು, ಬೊಗ್ಗ ಮೂಲೆಯಲ್ಲಿ ಮುದುಡಿದ್ದ, ಹೊಟ್ಟೆ ಮುಟ್ಟಿದರೆ ಕಿರುಚಿದ. ಡಾಕ್ಟರು ನಳಿಕೆ ಹಾಕಿ ಮೂತ್ರ ತೆಗೆದರು. ‘ಸಂಜೆ ತನಕ ಕಾದಿದ್ದರೆ ಕಷ್ಟ ಇತ್ತು’ ಎಂದರು. ಒಂದೆರಡು ದಿನದಲ್ಲಿ ಜೀವ ತೆಗೆಯುವ ಕಾಯಿಲೆ ಅದು. ಗಂಡು ತಂದರೆ ಈ ಪ್ಯಾರಾ ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸಿ. ಬರೀ ಒಣ ಕಾಳು ಹಾಕಬೇಡಿ, ನೀರು ಹೊಟ್ಟೆಗೆ ಹೋಗಬೇಕು. ಬೊಗ್ಗನಿಗೆ ಈಗ ಉಪ್ಪು ಹಾಕದೆ ಮೀನು ಬೇಯಿಸಿದ ನೀರನ್ನು ಊಟಕ್ಕೆ ಕಲಸಿಯೇ ಕೊಡುವುದು.

ಸರಿ, ನಾಲ್ಕರಲ್ಲಿ ಯಾವುದು? ಆ ಮನೆಗೆ ಹೋಗಿ ನೆಲದ ಮೇಲೆ ಸುಮ್ನೆ ಹತ್ತು ನಿಮಿಷ ಕೂತುಕೊಳ್ಳಿ. ಯಾವುದು ಬಂದು ನಿಮ್ಮ ಬೆರಳು ಮೂಸುತ್ತದೆ ನೋಡಿ. ಬೀಗದ ಕೈ ನೆಲಕ್ಕೆ ಹಾಕಿ. ಬೆಚ್ಚಿದರೂ ಮತ್ತೆ ಬಂದು ನೋಡುವ ಮರಿ ಒಳ್ಳೆಯದು. ಎತ್ತಿಕೊಂಡಾಗ ಅರ್ಧ ನಿಮಿಷದಲ್ಲಿ ಮೈ ಸಡಿಲ ಬಿಡಬೇಕು. ಎರಡನೇ ವಾರದಿಂದ ಏಳನೇ ವಾರದವರೆಗೆ ಮನುಷ್ಯರ ಕೈಯಲ್ಲಿ ಆಡಿದ ಮರಿ ಜನಕ್ಕೆ ಹೊಂದಿಕೊಳ್ಳುತ್ತದೆ. ಆಗ ಅಟ್ಟದ ಮೇಲೇ ಇದ್ದದ್ದು ಆಮೇಲೂ ಮಂಚದ ಕೆಳಗೇ ಇರುತ್ತದೆ. ಇನ್ನೊಂದು ತಮಾಷೆ. ಮರಿಯ ಧೈರ್ಯದಲ್ಲಿ ಅಪ್ಪನ ಪಾಲು ದೊಡ್ಡದು, ಅವನು ಮರಿಗಳ ಮುಖ ನೋಡದಿದ್ದರೂ. ಒಂದೇ ಸೂಲಿನ ನಾಲ್ಕು ಮರಿಗೆ ಇಬ್ಬರು ಅಪ್ಪಂದಿರೂ ಇರಬಹುದು, ಆದ್ದರಿಂದ ತಾಯಿಯನ್ನು ನೋಡಿ ಮರಿಯ ಗುಣ ಹೇಳಲು ಹೋಗಬೇಡಿ.

ಎರಡು ಮರಿ ಸಮ ಸಮ ಅನಿಸಿದರೆ ನನ್ನ ಓಟು ಹೆಣ್ಣಿಗೆ. ಮೂತ್ರ ಕಟ್ಟುವ ಭಯ ಕಡಿಮೆ ಎಂಬುದು ಒಂದು ಕಾರಣ. ಇನ್ನೊಂದು, ನೀವು ತರದಿದ್ದರೆ ಅದನ್ನು ತರುವವರು ಯಾರೂ ಇಲ್ಲದಿರಬಹುದು. ಅಮ್ಮನಿಗೆ ಹೀಗೆ ಹೇಳಿ: ಐದು ತಿಂಗಳಿಗೆ ಆಪರೇಷನ್, ತಾರೀಕು ಇವತ್ತೇ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ, ಮರಿ ಬರುವ ಮಾತೇ ಇಲ್ಲ. ಮೂರನೇ ಮಹಡಿಯ ಬಾಲ್ಕನಿಗೆ ಬಲೆ ಹಾಕದೆ ಗಂಡೂ ಬೇಡ, ಹೆಣ್ಣೂ ಬೇಡ.

ಆಟಿಯ ವಿಷಯ. ಮರಿಗೆ ಎಂಟು ವಾರ ತುಂಬಿದ್ದರೆ ಅಮ್ಮ ಹೇಳಿದ ಹಾಗೆ ಆಟಿಗೆ ಮೊದಲೇ ತನ್ನಿ. ತುಂಬದಿದ್ದರೆ ತಾಯಿಯ ಹತ್ತಿರವೇ ಇರಲಿ, ಆಟಿ ಕಳೆದ ಮೇಲೆ ಬರುವ ಸೋಣ ತಿಂಗಳಲ್ಲಿ ತನ್ನಿ. ಇದಕ್ಕೆ ಅಮ್ಮನದೂ ಒಪ್ಪಿಗೆ ಸಿಗುತ್ತದೆ ನೋಡಿ.

ಪ್ರಶ್ನೆ: ಹೆಣ್ಣು ಅಂತ ಹೇಳಿ ಕೇಸರಿ ಬಣ್ಣದ ಮರಿ ಕೊಟ್ಟರು. ರಾಣಿ ಅಂತ ಹೆಸರಿಟ್ಟೆವು. ಈಗ ಡಾಕ್ಟರು ನೋಡಿ ಇದು ಗಂಡು ಎಂದರು! ಮೊದಲೇ ಗೊತ್ತು ಮಾಡುವುದು ಹೇಗೆ?
– ಓದುಗರೊಬ್ಬರು, ಮಲ್ಪೆ

ಉತ್ತರ: ಮಾರಾಯ್ರೆ, ಬಣ್ಣ ನೋಡಿಯೇ ಅನುಮಾನ ಪಡಬೇಕಿತ್ತು. ಕೇಸರಿ ಬೆಕ್ಕುಗಳಲ್ಲಿ ಐದರಲ್ಲಿ ನಾಲ್ಕು ಗಂಡು. ಆ ಬಣ್ಣದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಿಗಿರುವುದು ಒಂದೇ ಎಕ್ಸ್, ಅದರಲ್ಲಿ ಬಂದರೆ ಮುಗಿಯಿತು, ಮೈಯೆಲ್ಲ ಕೇಸರಿ. ಹೆಣ್ಣಿಗೆ ಎರಡರಲ್ಲೂ ಬರಬೇಕು. ಒಂದರಲ್ಲಿ ಮಾತ್ರ ಬಂದರೆ ಕೇಸರಿ, ಕಪ್ಪು ಎರಡೂ ಕಲಸಿದ ಮೈ. ಅಂಥ ಬೆಕ್ಕು ಕಂಡರೆ ಕಣ್ಣು ಮುಚ್ಚಿ ಹೆಣ್ಣು ಅನ್ನಬಹುದು. ಗಂಡು ಸಿಗುವುದು ಸಾವಿರಾರರಲ್ಲಿ ಒಂದು.

ಉಳಿದ ಬಣ್ಣಗಳಿಗೆ ಬಾಲ ಎತ್ತಿ ನೋಡಬೇಕು. ನಾನು ಹಳೇ ಮೇಷ್ಟ್ರಮ್ಮ, ಹೀಗೆ ನೆನಪಿಡಿ. ಗಂಡು ಮರಿಯದು ವಿಸರ್ಗ: ಮೇಲೊಂದು ಚುಕ್ಕೆ, ಜಾಗ ಬಿಟ್ಟು ಕೆಳಗೊಂದು ಚುಕ್ಕೆ. ಹೆಣ್ಣು ಮರಿಯದು ತಲೆಕೆಳಗಾದ ಆಶ್ಚರ್ಯಸೂಚಕ: ಮೇಲೆ ಚುಕ್ಕೆ, ಅದಕ್ಕೆ ತಾಗಿದ ಹಾಗೆ ಕೆಳಗೊಂದು ಗೀಟು. ತಿಂಗಳೊಳಗಿನ ಮರಿಯಲ್ಲಿ ನನಗೂ ತಪ್ಪುತ್ತದೆ. ಎರಡು ಮರಿಗಳನ್ನು ಪಕ್ಕಪಕ್ಕ ಹಿಡಿದು ನೋಡಿದರೆ ಸುಲಭ.

ಹೆಸರು ಬದಲಿಸಬೇಡಿ. ರಾಣಿಗೆ ಗೊತ್ತಿಲ್ಲ.

ಪ್ರಶ್ನೆ: ಆಪರೇಷನ್ ಮೊದಲು ಹೆಣ್ಣಿಗೆ ಒಂದು ಸಲವಾದರೂ ತಾಯ್ತನದ ಸುಖ ಬೇಕು ಅನ್ನುತ್ತಾರೆ. ನಿಜವಾ? ನಮ್ಮಲ್ಲಿ ಒಂದೇ ಸೂಲಿನ ಅಣ್ಣ ತಂಗಿ ಇಬ್ಬರೂ ಇದ್ದಾರೆ.
– ಕಾಪು

ಉತ್ತರ: ನಿಜ ಅಲ್ಲ. ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಮುಂದೆ ಮೊಲೆಯ ಕ್ಯಾನ್ಸರ್ ಬರುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ. ಸುಖದ ಮಾತು ಮನುಷ್ಯರದು. ಮತ್ತೆ, ಅಣ್ಣ ತಂಗಿ ಎಂಬ ಲೆಕ್ಕ ಬೆಕ್ಕಿಗಿಲ್ಲ. ಇಬ್ಬರಿಗೂ ಐದು ತಿಂಗಳಾಗುವ ಹೊತ್ತಿಗೆ ಮಾಡಿಸಿ. ಅಣ್ಣನಿಗೆ ಮಾಡಿಸಿದ ಮೇಲೂ ಕೆಲವು ವಾರ ತಂಗಿಯಿಂದ ದೂರ ಇಡಿ. ಒಳಗೆ ಉಳಿದ ವೀರ್ಯವೇ ಗಬ್ಬಕ್ಕೆ ಸಾಕಾಗುತ್ತದೆ.

ಪ್ರಶ್ನೆ: ಟೀಚರ್, ಗಂಡು ಬೆಕ್ಕುಗಳೆಲ್ಲ ಎಡಚರಂತೆ, ಹೌದಾ?
– 6ನೇ ತರಗತಿ ವಿದ್ಯಾರ್ಥಿನಿ, ಉಡುಪಿ

ಉತ್ತರ: ಎಲ್ಲ ಅಲ್ಲ ಪುಟ್ಟಾ, ಜಾಸ್ತಿ. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದವರು 2018ರಲ್ಲಿ 44 ಬೆಕ್ಕುಗಳನ್ನು ಅವುಗಳ ಮನೆಯಲ್ಲೇ ಗಮನಿಸಿದ ಅಧ್ಯಯನ ಪ್ರಕಟಿಸಿದರು. ಮೆಟ್ಟಿಲು ಇಳಿಯುವಾಗ, ಟ್ರೇಗೆ ಕಾಲಿಡುವಾಗ, ಊಟ ತೆಗೆಯುವಾಗ ಯಾವ ಕಾಲು ಮುಂದೆ ಅಂತ. ಗಂಡುಗಳಲ್ಲಿ ಎಡಗಾಲು ಜಾಸ್ತಿ, ಹೆಣ್ಣುಗಳಲ್ಲಿ ಬಲಗಾಲು ಜಾಸ್ತಿ ಕಂಡಿತು.

ನಿನ್ನ ಪತ್ರ ಬಂದ ದಿನ ನಾನೂ ಮಾಡಿ ನೋಡಿದೆ. ಉಪ್ಪಿನಕಾಯಿಯ ಖಾಲಿ ಭರಣಿ ತೊಳೆದು, ಒಳಗೆ ಒಂದೊಂದೇ ಒಣ ಸಿಗಡಿ ಹಾಕಿದೆ. ಬೊಗ್ಗ ಹತ್ತು ಸಲದಲ್ಲಿ ಏಳು ಸಲ ಎಡಗಾಲು ಹಾಕಿ ತೆಗೆದ. ಚಿಮ್ಮಿಯ ಸರದಿ ಬಂತು. ಅವಳು ಭರಣಿಯನ್ನು ತಲೆಯಿಂದ ದೂಡಿ ಬೀಳಿಸಿದಳು. ಸಿಗಡಿ ಹೊರಗೆ ಬಂತು. ಬಾಯಲ್ಲೇ ಎತ್ತಿಕೊಂಡು ಹೋದಳು.