ಒತ್ತಡ ಅವಿಶ್ವಾಸದ ಗುರುತಲ್ಲ

ಸಹೋದರಿ, ದಿನವೂ ಪ್ರಾರ್ಥಿಸಿದರೂ ಎದೆಬಡಿತ, ನಿದ್ರಾಹೀನತೆ ಹೋಗುತ್ತಿಲ್ಲ, ಇದು ನನ್ನ ಅವಿಶ್ವಾಸದ ಫಲವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಯಾರಾದರೂ ಹಾಗೆ ಹೇಳಿದ್ದರೆ ಅವರು ನಿಮ್ಮ ಹೊರೆಯ ಮೇಲೆ ಇನ್ನೊಂದು ಕಲ್ಲು ಇಟ್ಟಿದ್ದಾರೆ.

ಬೈಬಲಿನ 1 ಅರಸುಗಳು ಪುಸ್ತಕದ 19ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಜಯ ಕಂಡ ಪ್ರವಾದಿ ಎಲೀಯನೇ ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡಿಹೋಗಿ, ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡಿದ. ದೇವರು ಅವನನ್ನು ಗದರಿಸಲಿಲ್ಲ. ಮೊದಲು ನಿದ್ರೆ, ಬಳಿಕ ದೂತನ ಮೂಲಕ ರೊಟ್ಟಿ, ನೀರು; ಮತ್ತೆ ನಿದ್ರೆ, ಮತ್ತೆ ಊಟ. ದೇವರು ಅವನೊಡನೆ ಮಾತಾಡಿದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ಈ ಕ್ರಮವೇ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ.

ಅಪಾಯವೋ ಒತ್ತಡವೋ ಎದುರಾದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಸ್ರವಿಸುತ್ತದೆ. ಹೃದಯದ ಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಇದು ಸೃಷ್ಟಿಕರ್ತನೇ ನಮ್ಮೊಳಗಿಟ್ಟ ರಕ್ಷಣೆ. ತಿಂಗಳುಗಟ್ಟಲೆ ಅದು ತಣಿಯದೆ ಉಳಿದರೆ ಮಾತ್ರ ನಿದ್ರೆ, ಜೀರ್ಣಶಕ್ತಿ, ರಕ್ತದೊತ್ತಡ ಎಲ್ಲವೂ ಕೆಡುತ್ತವೆ. ತಾಯಿಯ ಆರೈಕೆ, ಕಚೇರಿ, ಸಭೆಯ (ಚರ್ಚಿನ) ಜವಾಬ್ದಾರಿ, ವಾರದಲ್ಲಿ ಒಂದು ದಿನವೂ ಬಿಡುವಿಲ್ಲ ಎಂದು ನೀವೇ ಬರೆದಿದ್ದೀರಿ. ಕಾರಣ ಅಲ್ಲೇ ಇದೆಯಲ್ಲವೇ? ಊಟಕ್ಕೂ ಸಮಯವಿಲ್ಲದ ಶಿಷ್ಯರನ್ನು ಯೇಸು ಸ್ವಾಮಿ ಏಕಾಂತಕ್ಕೆ ಕರೆದು ದಣಿವಾರಿಸಿಕೊಳ್ಳುವಂತೆ ಹೇಳಿದರು (ಮಾರ್ಕ 6:31). ಸಭೆಯ ಕೆಲಸಗಳಲ್ಲಿ ಒಂದೆರಡನ್ನಾದರೂ ಬೇರೆಯವರಿಗೆ ಒಪ್ಪಿಸಿ. ವಿಶ್ರಾಂತಿಯ ದಿನವನ್ನು ದೇವರು ಆಜ್ಞೆಯಾಗಿಯೇ ಕೊಟ್ಟಿದ್ದಾರೆ.

ಎದೆಬಡಿತಕ್ಕೆ ವೈದ್ಯರನ್ನು ತಪ್ಪದೆ ಕಾಣಿ. ಥೈರಾಯ್ಡ್ ತೊಂದರೆ, ರಕ್ತಹೀನತೆಯಿಂದಲೂ ಹೀಗಾಗುತ್ತದೆ. ಅಪೊಸ್ತಲ ಪೌಲನ ಪ್ರಿಯ ಸಂಗಡಿಗ ಲೂಕನೂ ವೈದ್ಯನೇ ಆಗಿದ್ದ. ಪರೀಕ್ಷೆಯ ಬಳಿಕ ಏನಾಯಿತೆಂದು ಬರೆಯಿರಿ, ನಿಮಗಾಗಿ ಪ್ರಾರ್ಥಿಸುತ್ತಿರುತ್ತೇನೆ.