ದಪ್ಪ ಕೇಬಲ್ ಹಾಕಿದರೆ ಮುರಿಯೋದು ನಿಲ್ಲುತ್ತಾ?

ಪ್ರಶ್ನೆ: ನನ್ನದು 70 ಸೆಂ.ಮೀ. ಉದ್ದದ ರೇಡಿಯೋ ಕಂಟ್ರೋಲ್ ರೇಸಿಂಗ್ ದೋಣಿ. 2000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 2000 ಸುತ್ತು) ಬ್ರಶ್‌ಲೆಸ್ ಮೋಟಾರು, 4 ಸೆಲ್ಲಿನ ಲಿಪೋ ಬ್ಯಾಟರಿ. ಮೋಟಾರಿನಿಂದ ಪ್ರೊಪೆಲ್ಲರಿಗೆ 4.76 ಮಿ.ಮೀ. ಫ್ಲೆಕ್ಸ್ ಕೇಬಲ್ (ಹೊಸೆದ ತಂತಿಯ, ಬಾಗುವ ಶಾಫ್ಟು). ಎರಡು ತಿಂಗಳಲ್ಲಿ ಎರಡು ಕೇಬಲ್ ಮುರಿದವು. ಎರಡೂ ಮೋಟಾರಿನ ಕಡೆ, ಕೇಬಲನ್ನು ಮೋಟಾರಿನ ಶಾಫ್ಟಿಗೆ ಬಿಗಿಯುವ ಕಾಲೆಟ್‌ನಿಂದ ಒಂದು ಬೆರಳಿನಷ್ಟು ದೂರದಲ್ಲಿ. 6.35 ಮಿ.ಮೀ. ಕೇಬಲ್ ಹಾಕಲೇ?

ಉತ್ತರ: ಬೇಡ. ಎಲ್ಲಿ ಮುರಿಯಿತು ಅಂತ ಬರೆದಿದ್ದೀರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ.

6.35ರ ಕೇಬಲ್ ದೊಡ್ಡ ಪೆಟ್ರೋಲ್ ದೋಣಿಗಳದ್ದು. ನಿಮ್ಮ ಮೋಟಾರಿಗೆ 4.76 ಧಾರಾಳವಾಗಿ ಸಾಕು. ಕೇಬಲ್ ಶಕ್ತಿ ಸಾಲದೆ ಮುರಿದಿದ್ದರೆ ಎಲ್ಲಾದರೂ ಮುರಿಯಬಹುದಿತ್ತು. ಎರಡು ಸಲವೂ ಅದೇ ಜಾಗದಲ್ಲಿ ಮುರಿದಿದೆ ಅಂದರೆ ಅಲ್ಲಿ ಅದು ಬಾಗುತ್ತಿದೆ. ಮೋಟಾರಿನ ಶಾಫ್ಟು ಮತ್ತು ಕೇಬಲ್ ಹಾದುಹೋಗುವ ಹಿತ್ತಾಳೆ ಕೊಳವೆಯ ಬಾಯಿ ಒಂದೇ ನೇರಕ್ಕೆ ಇಲ್ಲ. ನಿಮ್ಮ ಬ್ಯಾಟರಿ 14.8 ವೋಲ್ಟ್. ಅದನ್ನು 2000ರಿಂದ ಗುಣಿಸಿದರೆ ಲೋಡ್ ಇಲ್ಲದಾಗ ನಿಮಿಷಕ್ಕೆ 29,600 ಸುತ್ತು. ಸೆಕೆಂಡಿಗೆ ಹೆಚ್ಚುಕಮ್ಮಿ 490, ಅಷ್ಟು ಸಲವೂ ಕೇಬಲ್ ಅಲ್ಲಿ ಬಾಗುತ್ತದೆ. ತಂತಿಯನ್ನು ಒಂದೇ ಕಡೆ ಹಿಂದೆ ಮುಂದೆ ಬಗ್ಗಿಸಿದರೆ ಎಷ್ಟು ಬೇಗ ತುಂಡಾಗುತ್ತದೆ ಅಂತ ನಿಮಗೇ ಗೊತ್ತು. ದಪ್ಪ ಕೇಬಲ್ ಅಷ್ಟು ಸುಲಭವಾಗಿ ಬಾಗುವುದಿಲ್ಲ. ಆ ಏಟು ಮೋಟಾರಿನ ಬೇರಿಂಗಿಗೆ ಬೀಳುತ್ತದೆ.

ಹೀಗೆ ಮಾಡಿ ನೋಡಿ. ಕಾಲೆಟ್ ಸಡಿಲಿಸಿ, ಕೇಬಲನ್ನು ಸ್ವಲ್ಪ ಹಿಂದಕ್ಕೆ ಎಳೆದು, ಮತ್ತೆ ಮೆಲ್ಲಗೆ ಮುಂದಕ್ಕೆ ತಳ್ಳಿ. ಬೆರಳಿನ ಸಹಾಯವಿಲ್ಲದೆ ತಾನಾಗಿಯೇ ಕಾಲೆಟ್‌ನ ತೂತಿನೊಳಗೆ ಇಳಿಯಬೇಕು. ಅಂಚಿಗೆ ತಾಗಿ ನಿಂತರೆ ಮೋಟಾರಿನ ಮೌಂಟನ್ನು ಎತ್ತಿ ಇಳಿಸಿ ಸರಿಮಾಡಿ, ಇಲ್ಲವೇ ಕೊಳವೆಯನ್ನು ತಿದ್ದಿ. ಕೊಳವೆ ಎಲ್ಲಿ ಬಾಗಿದರೂ ದೊಡ್ಡ, ನಯವಾದ ಬಾಗೇ ಇರಬೇಕು. ಕೊಳವೆಯ ಬಾಯಿಗೂ ಕಾಲೆಟ್‌ಗೂ ನಡುವೆ ನಾನು ಒಂದೂವರೆ ಸೆಂಟಿಮೀಟರ್ ಬಿಡುತ್ತೇನೆ. ಜಾಸ್ತಿ ಬಿಟ್ಟರೆ ಕೇಬಲ್ ಅಲ್ಲಿ ಚಾಟಿಯ ಹಾಗೆ ಬೀಸಲು ಶುರುಮಾಡುತ್ತದೆ.

ನೀವು ಕೇಳದಿದ್ದರೂ ಇನ್ನೊಂದು ಮಾತು. ಹಿಂದುಗಡೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿದಿರುವ ಸ್ಟ್ರಟ್‌ಗೂ ಡ್ರೈವ್ ಡಾಗ್‌ಗೂ ನಡುವೆ ಸಂದು ಇದೆಯಾ? ಡ್ರೈವ್ ಡಾಗ್ ಅಂದರೆ ಪ್ರೊಪೆಲ್ಲರನ್ನು ಕಚ್ಚಿ ಹಿಡಿದು ತಿರುಗಿಸುವ ಆ ಪುಟ್ಟ ತುಂಡು. ಹಗ್ಗ ಹೊಸೆಯುವುದನ್ನು ನೋಡಿದ್ದೀರಲ್ವಾ? ಹುರಿ ಏರಿದಷ್ಟೂ ಹಗ್ಗ ಗಿಡ್ಡವಾಗುತ್ತದೆ. ಕೇಬಲ್ ಕೂಡ ಹೊಸೆದ ತಂತಿಯೇ. ಲೋಡ್ ಬಿದ್ದಾಗ ಗಿಡ್ಡವಾಗಿ ಡಾಗನ್ನು ಸ್ಟ್ರಟ್ ಕಡೆಗೆ ಎಳೆಯುತ್ತದೆ. ನನ್ನ ಮೊದಲ ದೋಣಿಯಲ್ಲಿ ಸಂದು ಕಾಣುವುದೇ ಅಸಹ್ಯ ಅಂತ ಎರಡನ್ನೂ ಅಂಟಿಸಿದ ಹಾಗೆ ಜೋಡಿಸಿದ್ದೆ. ಎಷ್ಟು ಚೆನ್ನಾಗಿ ಕಾಣುತ್ತಿತ್ತು ಗೊತ್ತಾ! ಮೂರನೇ ಸುತ್ತಿನಲ್ಲಿ ದೋಣಿ ನಿಧಾನವಾಯಿತು. ದಡಕ್ಕೆ ತಂದು ನೋಡಿದರೆ ಸ್ಟ್ರಟ್‌ನ ಬುಶ್, ಅಂದರೆ ಶಾಫ್ಟು ತಿರುಗುವ ಒಳಬಳೆ, ಕರಗಿ ಹೊರಗೆ ಇಣುಕುತ್ತಿತ್ತು, ಮೋಟಾರು ಮುಟ್ಟಲಾಗದಷ್ಟು ಬಿಸಿ. ಈಗ ನಾನು ಎರಡರಿಂದ ಮೂರು ಮಿ.ಮೀ. ಬಿಡದೆ ಕಾಲೆಟ್ ಬಿಗಿ ಮಾಡುವುದೇ ಇಲ್ಲ.

ಹೊಸ ಕೇಬಲ್ ತಂದಾಗ ಹುರಿಯ ದಿಕ್ಕನ್ನೂ ನೋಡಿ. ಒಂದು ತುದಿ ಹಿಡಿದು, ಇನ್ನೊಂದನ್ನು ಮೋಟಾರು ತಿರುಗಿಸುವ ದಿಕ್ಕಿಗೇ ತಿರುಚಿ. ಹೊರಗಿನ ಎಳೆಗಳು ಬಿಗಿಯಾದರೆ ಸರಿ. ಬಿಚ್ಚಿಕೊಂಡು ಉಬ್ಬಿದರೆ ಆ ಕೇಬಲ್ ನಿಮ್ಮ ದೋಣಿಗಲ್ಲ.

ಪ್ರಶ್ನೆ: 40 ಮಿ.ಮೀ. ಪ್ರೊಪೆಲ್ಲರ್ ತೆಗೆದು 45ರದ್ದು ಹಾಕಿದೆ. ಬರೀ ಐದು ಮಿ.ಮೀ. ವ್ಯತ್ಯಾಸ. ಸ್ಪೀಡ್ ಕಂಟ್ರೋಲರ್ ಸುಟ್ಟುಹೋಯಿತು. ಕಂಟ್ರೋಲರ್ ಕಳಪೆಯೇ?

ಉತ್ತರ: ಪಾಪ, ಅದರ ತಪ್ಪೇನೂ ಕಾಣುತ್ತಿಲ್ಲ. ಅದೇ ಆಕಾರದ ಪ್ರೊಪೆಲ್ಲರ್ ಅದೇ ವೇಗದಲ್ಲಿ ತಿರುಗಬೇಕೆಂದರೆ ಬೇಕಾಗುವ ಶಕ್ತಿ ವ್ಯಾಸದ ಐದನೇ ಘಾತಕ್ಕೆ ತಕ್ಕಂತೆ ಏರುತ್ತದೆ. 45ನ್ನು 40ರಿಂದ ಭಾಗಿಸಿ, ಬಂದದ್ದನ್ನು ಐದು ಸಲ ಬರೆದು ಒಂದಕ್ಕೊಂದು ಗುಣಿಸಿಕೊಳ್ಳಿ: 1.8. ಐದು ಮಿ.ಮೀ.ಗೆ ಶೇಕಡಾ 80 ಹೆಚ್ಚು ಹೊರೆ! ಮೋಟಾರು ಸ್ವಲ್ಪ ನಿಧಾನವಾಗುವುದರಿಂದ ನೀರಿನಲ್ಲಿ ಅಷ್ಟೂ ಬೀಳುವುದಿಲ್ಲ, ಆದರೂ ಕಂಟ್ರೋಲರ್ ಸುಡಲು ಸಾಕು.

ಪ್ರೊಪೆಲ್ಲರಿನ ನಂಬರ್ ಓದಲು ಕಲಿಯಿರಿ. ಆಕ್ಟ್ಯೂರಾ ಕಂಪನಿಯ ಎಕ್ಸ್442 ಅಂದರೆ ವ್ಯಾಸ 42 ಮಿ.ಮೀ., ಪಿಚ್ ಅದರ 1.4 ಪಟ್ಟು. ಒಂದು ಸುತ್ತಿಗೆ 58.8 ಮಿ.ಮೀ. ಮುಂದಕ್ಕೆ. ಮೇಲಿನ ಓದುಗರ 29,600 ಸುತ್ತಿಗೆ ಲೆಕ್ಕ ಹಾಕಿದರೆ ಗಂಟೆಗೆ 104 ಕಿ.ಮೀ. ಅದು ಕಾಗದದ ದೋಣಿ! ನೀರಿಗಿಳಿದರೆ ಸುತ್ತೂ ಇಳಿಯುತ್ತದೆ, ಪ್ರೊಪೆಲ್ಲರೂ ಜಾರುತ್ತದೆ. ಹೊಸ ಕಂಟ್ರೋಲರ್ ಹಾಕಿದ ಮೇಲೆ 40ರಿಂದಲೇ ಶುರುಮಾಡಿ. ಒಂದು ನಿಮಿಷ ಓಡಿಸಿ, ದಡಕ್ಕೆ ತಂದು ಮೋಟಾರು, ಕಂಟ್ರೋಲರ್, ಬ್ಯಾಟರಿ ಮೂರನ್ನೂ ಮುಟ್ಟಿ ನೋಡಿ. ತಣ್ಣಗಿದ್ದರೆ ಮಾತ್ರ ಒಂದೊಂದೇ ಮಿ.ಮೀ. ಏರಿಸಿ.

ಪ್ರಶ್ನೆ: ಓಡಿಸಿದ ಪ್ರತಿ ದಿನವೂ ಕೇಬಲ್ ಹೊರಗೆ ತೆಗೆಯಲೇಬೇಕಾ?

ಉತ್ತರ: ತೆಗೆಯಲೇಬೇಕು. ಕೊಳವೆಯೊಳಗೆ ನೀರು ನಿಂತಿರುತ್ತದೆ, ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತದೆ. ಒರೆಸಿ, ನೀರಿಗೆ ಜಗ್ಗದ ಮೆರೈನ್ ಗ್ರೀಸು ಸವರಿ. ಸುಮ್ನೆ ಎಣ್ಣೆ ಬಿಟ್ಟರೆ ಎರಡು ಸುತ್ತಿಗೆ ತೊಳೆದುಹೋಗುತ್ತದೆ. ತೆಗೆಯುವ ಮುಂಚೆ, ಕಾಲೆಟ್‌ಗೆ ತಾಗುವ ಜಾಗದಲ್ಲಿ ಕೇಬಲ್ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಮತ್ತೆ ಜೋಡಿಸುವಾಗ ಹಿಂದುಗಡೆಯ ಸಂದು ಅಳೆಯುವ ಕೆಲಸ ತಪ್ಪುತ್ತದೆ.